ಗಾಳಿ ಹೊಕ್ಕ ಲಾರಿ

ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹೆದ್ದಾರಿಯು, ಹಿಂದೆ 4ನೆಯ ಸಂಖ್ಯೆಯದಾಗಿದ್ದ ಆ ಮಹಾಮಾರ್ಗವು, ಕೋಲಾರವನ್ನು ದಾಟಿ, ಮುಳಬಾಗಿಲಿನ ಬಂಡೆಗುಡ್ಡಗಳ ಮಗ್ಗುಲಾಗಿ ಹಾದು, ನಂಗಲಿಯಾಚೆ ಆಂಧ್ರದ ಎಲ್ಲೆಯನ್ನು ಹೊಗುವುದಕ್ಕೆ ಮುಂಚೆ, ಹಳೆಯ ರಸ್ತೆಯ ಕೆಲವು ತುಂಡುಗಳನ್ನು ತನ್ನ ಪಕ್ಕದಲ್ಲಿ ಬಿಟ್ಟುಹೋಗಿದೆ. ಅಂಥ ಒಂದು ತುಂಡಿನ ಅಂಚಿನಲ್ಲಿ, ಹುಣಸೆಮರದ ನೆರಳಿನಲ್ಲಿರುವ ಗ್ಯಾರೇಜೊಂದರ ಮುಂದೆ, ಭಾನುವಾರದ ಬೆಳಗ್ಗೆ ನಾಲ್ಕು ಮಂದಿ ವೃದ್ಧರು ಕೂಡುತ್ತಾರೆ. ಒಬ್ಬರು ಮಾಲೂರಿನ ಇಟ್ಟಿಗೆ ಹೆಂಚುಗಳನ್ನು ಬದುಕಿನುದ್ದಕ್ಕೂ ಲೇಲ್ಯಾಂಡ್ ಲಾರಿಯಲ್ಲಿ ಹೊತ್ತವರು. ಇನ್ನೊಬ್ಬರು ಕೋಲಾರದ ಮಂಡಿಯಲ್ಲಿ ಟೊಮೆಟೊ ಹೇರಿಕೊಂಡು, ರಾತ್ರಿಯೆಲ್ಲ ಓಡಿಸಿ, ಬೆಳಗಾಗುವುದರೊಳಗೆ ಮದರಾಸನ್ನು ಸೇರುತ್ತಿದ್ದವರು. ಮತ್ತೊಬ್ಬರು ಶ್ರೀನಿವಾಸಪುರದ ಮಾವಿನ ತೋಪಿನ ಯಜಮಾನರು, ತಂದೆಯವರು ಕೊಂಡ ಟಾಟಾ 1210 ಲಾರಿಯನ್ನು ಇಂದಿಗೂ ಮಾರದೆ ಉಳಿಸಿಕೊಂಡವರು. ನಾಲ್ಕನೆಯವರು ಗ್ಯಾರೇಜಿನ ಮೇಸ್ತ್ರಿಗಳು. ಈ ಕೂಟದಿಂದ ಇವರಾರಿಗೂ ಕಾಸಿನ ಲಾಭವಿಲ್ಲ. ಹಳೆಯ ಲಾರಿಯನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದರಲ್ಲಿ ಇವರಿಗಿರುವ ಪ್ರೀತಿಯೇ ಇವರನ್ನು ಅಲ್ಲಿಗೆ ಎಳೆದು ತರುತ್ತದೆ. ಆ ಪ್ರೀತಿಯ ಭಾಷೆಯಾದರೋ ಪರಸ್ಪರ ಕೆಣಕಾಟ.

ನಾನು ಹೋದ ದಿನ ಟಾಟಾ ಲಾರಿಯು ಹುಣಸೆಮರದ ಬುಡದಲ್ಲಿ ಮೊಂಡು ಹಿಡಿದು ನಿಂತಿತ್ತು. ಟ್ಯಾಂಕಿನ ಎಣ್ಣೆ ದಾರಿಯಲ್ಲೇ ಬರಿದಾಗಿ, ಮತ್ತೆ ಡೀಸೆಲ್ ತುಂಬಿದ ಮೇಲೂ ಇಂಜಿನು ಹೊತ್ತಿಕೊಳ್ಳಲೊಲ್ಲದು.

"ಏನ್ ಮಾವ, ನಿನ್ ಟಾಟಾ ಯಾವಾಗ ನೋಡಿದ್ರೂ ಮರದ ಕೆಳಗೇ ಐತಲ್ಲ! ಲಾರಿ ಸಾಕ್ತಿದ್ದೀಯೋ, ಎಮ್ಮೆ ಸಾಕ್ತಿದ್ದೀಯೋ?" ಎಂದರು ಮಾಲೂರಿನವರು.

"ಎಮ್ಮೆ ಅಂದ್ರೂ ಸರಿ, ಊರಲ್ಲಿ ಯಾರ್ ಕೂಗಿದ್ರೂ ಏಳ್ತೈತೆ. ನಿನ್ ಲೇಲ್ಯಾಂಡ್ ಮಲಗಿದ್ರೆ ಎಬ್ಬಿಸಕ್ಕೆ ಎಣ್ಣೂರ್ ಫ್ಯಾಕ್ಟರಿಯಿಂದ್ಲೇ ಆಳು ಬರಬೇಕಿತ್ತು."

"ಮೊಗಿಲಿ ಘಾಟಿನಾಗೆ ಲೋಡ್ ಹೊತ್ಕೊಂಡು ಹತ್ತೋವಾಗ, ಕೆಳಗೆ ಬಾನೆಟ್ ಎತ್ಕೊಂಡು ನೀರು ಕುಡೀತಿದ್ದಿದ್ದು ಯಾವ್ದಪ್ಪಾ? ನಾನೇ ಎಷ್ಟು ಸಲ ನೋಡಿದ್ದೀನಿ."

ಈ ಟಾಟಾ-ಲೇಲ್ಯಾಂಡ್ ವ್ಯಾಜ್ಯಕ್ಕೆ ಈ ಸೀಮೆಯಲ್ಲಿ ಎಪ್ಪತ್ತು ವರ್ಷದ ವಯಸ್ಸು. ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಟಾಟಾದವರ ಮೊದಲ ಲಾರಿ 1954ರಲ್ಲಿ ಜಮ್‌ಷೆಡ್‌ಪುರದ ಕಾರ್ಖಾನೆಯಿಂದ ಹೊರಬಂದಿತು. ಮದರಾಸಿನಲ್ಲಿ 1948ರಲ್ಲಿ ಅಶೋಕ್ ಮೋಟಾರ್ಸ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯು, ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿಯ ಕೈಹಿಡಿದು, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಹೀಗೆ ಒಂದು ಜರ್ಮನ್ ವಂಶ, ಇನ್ನೊಂದು ಆಂಗ್ಲ ವಂಶ. ಈ ಭೇದವು ಕೇವಲ ಅಭಿಮಾನಿಗಳ ಬಾಯಲ್ಲಿ ಉಳಿದಿಲ್ಲ, ಕಬ್ಬಿಣದಲ್ಲಿಯೇ ಇದೆ ಎಂಬುದನ್ನು ಮೇಸ್ತ್ರಿಗಳು ತಮ್ಮ ಸ್ಪ್ಯಾನರುಗಳ ಪೆಟ್ಟಿಗೆಯನ್ನು ತೆರೆದು ನನಗೆ ತೋರಿಸಿದರು. ಪೆಟ್ಟಿಗೆಯಲ್ಲಿ ಎರಡು ಕಟ್ಟುಗಳು, ಎರಡು ಬಟ್ಟೆಗಳಲ್ಲಿ ಸುತ್ತಿಟ್ಟವು. ಒಂದರ ಮೇಲೆ 13, 17, 19 ಎಂಬ ಮಿಲಿಮೀಟರ್ ಅಂಕಿಗಳು, ಅವು ಟಾಟಾಕ್ಕೆ. ಇನ್ನೊಂದರ ಮೇಲೆ ಅರ್ಧ, ಒಂಬತ್ತು-ಹದಿನಾರಾಂಶ ಎಂಬ ಅಂಗುಲದ ಭಿನ್ನರಾಶಿಗಳು. ಅವು ಹಳೆಯ ಲೇಲ್ಯಾಂಡಿಗೆ. ಒಂದರ ನಟ್ಟಿಗೆ ಇನ್ನೊಂದರ ಸ್ಪ್ಯಾನರು ಹಾಕಿದರೆ ಹಿಡಿದಂತೆ ಕಂಡು, ಬಲ ಬಿದ್ದೊಡನೆ ಜಾರಿ, ನಟ್ಟಿನ ಮೂಲೆಗಳನ್ನೂ ತಿರುಗಿಸುವವನ ಬೆರಳಿನ ಗೆಣ್ಣುಗಳನ್ನೂ ಒಟ್ಟಿಗೆ ಸವರಿಬಿಡುತ್ತದೆ. ಇಂಜಿನುಗಳ ನಾಮಕರಣದಲ್ಲಿಯೂ ಇದೇ ಭೇದ: ಟಾಟಾದ 692 ಎಂಬ ಇಂಜಿನಿನಲ್ಲಿ 6 ಎಂದರೆ ಸಿಲಿಂಡರುಗಳ ಸಂಖ್ಯೆ, 92 ಎಂದರೆ ಒಂದೊಂದು ಸಿಲಿಂಡರಿನ ವ್ಯಾಸ, ಮಿಲಿಮೀಟರುಗಳಲ್ಲಿ, ಲೇಲ್ಯಾಂಡ್ ಕಾಮೆಟ್ಟಿನ 350 ಎಂದರೆ ಆರು ಸಿಲಿಂಡರುಗಳ ಒಟ್ಟು ಗಾತ್ರ, ಘನ ಅಂಗುಲಗಳಲ್ಲಿ. ಟಾಟಾದ ಬಾನೆಟ್ಟಿನ ಮೇಲಿನ 1210 ಎಂಬ ಅಂಕಿಯೂ ಅರ್ಥವುಳ್ಳದ್ದೇ: ಹೊರೆಸಹಿತವಾಗಿ ಸುಮಾರು 12 ಟನ್ ತೂಕದ, ಸುಮಾರು 100 ಅಶ್ವಶಕ್ತಿಯ ಲಾರಿ.

ಇಂಜಿನು ಏಕೆ ಹೊತ್ತಿಕೊಳ್ಳಲಿಲ್ಲವೆಂಬುದನ್ನು ತಿಳಿಯಬೇಕಾದರೆ ಅದು ಸಾಮಾನ್ಯವಾಗಿ ಹೇಗೆ ಹೊತ್ತಿಕೊಳ್ಳುತ್ತದೆಂಬುದನ್ನು ಮೊದಲು ತಿಳಿಯಬೇಕು. ಪೆಟ್ರೋಲ್ ಇಂಜಿನಿನಲ್ಲಿ ವಿದ್ಯುತ್ತಿನ ಕಿಡಿಯೊಂದು ಬೆಂಕಿ ಹಚ್ಚುತ್ತದೆ; ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ, ಗಾಳಿಯನ್ನು ಒತ್ತುವುದೇ ಅಲ್ಲಿ ಅಗ್ನಿಕಾರ್ಯ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಕೈಯಿಟ್ಟು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಮೇಲಕ್ಕೆ ಏರುತ್ತ ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ, ಆ ಗಾಳಿಯ ಉಷ್ಣತೆಯು 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಡೀಸೆಲ್ ಎಣ್ಣೆಯಾದರೋ ಅದರ ಅರ್ಧದಷ್ಟು ಶಾಖದಲ್ಲಿಯೇ ತಾನಾಗಿ ಹತ್ತಿಕೊಳ್ಳತಕ್ಕ ಪದಾರ್ಥ. ಆದುದರಿಂದ ಕಾದ ಗಾಳಿಯೊಳಕ್ಕೆ ಸರಿಯಾದ ಕ್ಷಣದಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಡಿಸಿದರೆ ಸಾಕು, ಅದು ಉರಿಯುತ್ತದೆ; ಉರಿದು ಹಿಗ್ಗಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ರುಡಾಲ್ಫ್ ಡೀಸೆಲ್ಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಈ ತತ್ತ್ವದ ಇಂಜಿನನ್ನು ನಡೆಯಿಸಿ ತೋರಿಸಿದಾಗ ಅದು ಇಂಧನದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಕೆಲಸಕ್ಕೆ ತಂದಿತು. ಅಂದಿನ ಉಗಿಯಂತ್ರಗಳಿಂದ ಅದು ಆಗದ ಮಾತಾಗಿತ್ತು.

ಆದರೆ ಡೀಸೆಲ್ಲನು ಎಣ್ಣೆಯನ್ನು ಒಳಕ್ಕೆ ಊದಲು ಬಳಸಿದ್ದು ಅದುಮಿದ ಗಾಳಿಯನ್ನು. ಅದಕ್ಕೆ ಬೇಕಾದ ದೊಡ್ಡ ಯಂತ್ರವನ್ನು ಹೊತ್ತು ಯಾವ ಗಾಡಿಯೂ ರಸ್ತೆಯಲ್ಲಿ ಓಡಲಾರದು. ಆ ತೊಡಕನ್ನು ಬಿಡಿಸಿದ್ದು ಎಣ್ಣೆಯನ್ನೇ ನೇರವಾಗಿ ಒತ್ತಿ ಸಿಡಿಸುವ ಪುಟ್ಟ ಪಂಪು. ಬಾಷ್ ಸಂಸ್ಥೆಯವರು ಇದನ್ನು 1927ರಲ್ಲಿ ಕಾರ್ಖಾನೆಯಲ್ಲಿ ಒಂದೇ ಸಮನೆ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿಯು ಲೋಕವ್ಯಾಪಿಯಾಯಿತು. ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಬಾಷ್‌ನವರ ವಿದ್ಯೆಯನ್ನು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಗೆ ತಂದಿತು. ಮುಳಬಾಗಿಲಿನ ಹುಣಸೆಮರದ ಕೆಳಗಿದ್ದ ಆ ಲಾರಿಯ ಪಂಪಿನ ಮೇಲೆ, ಎಣ್ಣೆಮಸಿಯನ್ನು ಬಟ್ಟೆಯಿಂದ ಒರಸಿದಾಗ ಕಂಡ ಹೆಸರು ಅದೇ.

ಈ ಪಂಪು ನೋಡುವುದಕ್ಕೆ ಅಷ್ಟೇನೂ ಭವ್ಯವಾದುದಲ್ಲ; ಇಂಜಿನಿನ ಮಗ್ಗುಲಿಗೆ ಅಂಟಿಕೊಂಡ, ಮೊಳದುದ್ದಕ್ಕೂ ಕಡಮೆಯಾದ ಒಂದು ಪೆಟ್ಟಿಗೆ, ಅದರ ತಲೆಯಿಂದ ಹೊರಟ ಆರು ಉಕ್ಕಿನ ಕೊಳವೆಗಳು. ಆದರೂ ಇಡೀ ಲಾರಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಭಾಗ ಬೇರೊಂದಿಲ್ಲವೆಂದು ನಾನು ನಿಸ್ಸಂಶಯವಾಗಿ ಹೇಳಬಲ್ಲೆ. ಒಳಗೆ ಆರು ಸಣ್ಣ ಪ್ಲಂಜರುಗಳು, ಕಿರುಬೆರಳಿಗಿಂತ ತೆಳುವಾದ ಉಕ್ಕಿನ ಕಡ್ಡಿಗಳು, ತಮ್ಮ ತಮ್ಮ ಗೂಡುಗಳಲ್ಲಿ ಏರಿಳಿಯುತ್ತವೆ. ಕಡ್ಡಿಗೂ ಗೂಡಿಗೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲೊಂದನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಅದರಲ್ಲೊಂದು ಸೀಳು ಅಲ್ಲಿ ತೂರೀತೋ ಇಲ್ಲವೋ. ಇಷ್ಟು ಬಿಗಿಯಿರುವುದರಿಂದಲೇ ಎಣ್ಣೆಯ ಒತ್ತಡವು ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಮಿನ ಸನಿಹಕ್ಕೆ ಏರಿ, ಸಿಲಿಂಡರಿನ ತಲೆಯಲ್ಲಿರುವ ನೋಜಲಿನ ಸೂಜಿಯನ್ನು ಎತ್ತಿ, ಒಳಕ್ಕೆ ಸಿಡಿಯಬಲ್ಲದು. ಪೂರ್ತಿ ಹೊರೆ ಎಳೆಯುವಾಗ ಒಂದು ಸಲಕ್ಕೆ ಸಿಡಿಯುವ ಎಣ್ಣೆ ಸುಮಾರು 40 ಘನ ಮಿಲಿಮೀಟರು, ಎಂದರೆ ಒಂದು ಹನಿಗೂ ಕಡಮೆ. ಇಂಜಿನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಸಿಲಿಂಡರಿಗೂ ನಿಮಿಷಕ್ಕೆ 1000 ಸಲ ಈ ಹನಿಯನ್ನು ಅಳೆದು ಕೊಡಬೇಕು. ಅದೂ ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂಬ ನಿಯತವಾದ ಸರದಿಯಲ್ಲಿ.

ಈಗ ಟ್ಯಾಂಕು ಬರಿದಾದಾಗ ಏನಾಗುತ್ತದೆಂಬುದನ್ನು ಊಹಿಸಬಹುದು. ಎಣ್ಣೆಯಿದ್ದ ಕೊಳವೆಯಲ್ಲಿ ಗಾಳಿ ಸೇರುತ್ತದೆ. ದ್ರವವು ಒತ್ತಿದರೆ ಕುಗ್ಗದು. ಗಾಳಿಯಾದರೋ ಕುಗ್ಗುತ್ತದೆ, ಬಿಟ್ಟರೆ ಮತ್ತೆ ಹಿಗ್ಗುತ್ತದೆ. ಪ್ಲಂಜರು ಎಷ್ಟು ಸಲ ಏರಿಳಿದರೂ ಅದರ ಶ್ರಮವೆಲ್ಲ ಆ ಗಾಳಿಗುಳ್ಳೆಯನ್ನು ಹಿಸುಕುವುದರಲ್ಲಿಯೇ ತೀರಿಹೋಗಿ, ನೋಜಲಿನ ಸೂಜಿಯನ್ನೆತ್ತುವಷ್ಟು ಒತ್ತಡ ಎಂದಿಗೂ ಏರುವುದಿಲ್ಲ. ಯಾವ ಗಾಳಿಯನ್ನು ಒತ್ತಿ ಇಂಜಿನು ಬೆಂಕಿ ಪಡೆಯುತ್ತದೆಯೋ ಅದೇ ಗಾಳಿ, ಸಲ್ಲದ ತಾಣವನ್ನು ಹೊಕ್ಕರೆ, ಅದೇ ಇಂಜಿನಿನ ಪ್ರಾಣವನ್ನು ತಡೆಯುತ್ತದೆ.

"ಏರ್ ಹಿಡಿದೈತೆ, ಅಷ್ಟೇ" ಎಂದರು ಮೇಸ್ತ್ರಿಗಳು. ಅವರು ಮಾಡಿದ್ದನ್ನು ನಾನು ಬಗ್ಗಿ ನಿಂತು ನೋಡಿದೆ. ಫಿಲ್ಟರಿನ ತಲೆಯ ಮೇಲಿನ ಸಣ್ಣ ತಿರುಪನ್ನು ಎರಡು ಸುತ್ತು ಸಡಿಲಿಸಿದರು. ಪಂಪಿನ ಪಕ್ಕದಲ್ಲಿರುವ ಕೈಪಂಪಿನ ಗುಂಡಿಯನ್ನು ಬಿಚ್ಚಿ, ಹೆಬ್ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಒತ್ತತೊಡಗಿದರು. ಮೊದಲು ಬರಿಯ ಉಸಿರು. ಆಮೇಲೆ ಹಾಲು ಉಕ್ಕುವಾಗಿನ ಹಾಗೆ ಬಿಳಿಯ ನೊರೆ. ನೊರೆಯ ನಡುವೆ ಟಪ್ ಟಪ್ ಎಂದು ಒಡೆಯುವ ಗುಳ್ಳೆಗಳು. ಕಡೆಗೆ ಒಂದೂ ಗುಳ್ಳೆಯಿಲ್ಲದ ಹೊನ್ನಬಣ್ಣದ ತಿಳಿ ಧಾರೆ. ಧಾರೆ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿದರು. ನಿಂತ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಕ್ಕೆ ಸೇದಿಕೊಳ್ಳುತ್ತದಂತೆ. ಬಳಿಕ ಪಂಪಿನ ಮೇಲೂ ಹಾಗೆಯೇ, ನೋಜಲಿನ ಕೊಳವೆಗಳ ನಟ್ಟುಗಳಲ್ಲಿಯೂ ಹಾಗೆಯೇ. ತೋಪಿನ ಯಜಮಾನರು ಮೇಲೆ ಕುಳಿತು ಸ್ವಿಚ್ಚು ತಿರುಗಿಸಿದರು. ಲಾರಿ ಒಮ್ಮೆ ಕೆಮ್ಮಿತು, ಎರಡನೆಯ ಸಲ ಮೈ ನಡುಗಿಸಿತು, ಮೂರನೆಯ ಸಲ ಗುಡುಗಿ ಎದ್ದಿತು.

ಆದರೆ ಮೇಸ್ತ್ರಿಗಳ ಮುಖ ಅರಳಲಿಲ್ಲ. "ಒಂದು ಕೆಲಸಕ್ಕೆ ಬಂದಿಲ್ಲ" ಎಂದರು. ಆರರಲ್ಲಿ ಒಂದು ಸಿಲಿಂಡರು ಸುಮ್ಮನಿದೆಯೆಂದು ಅವರ ಕಿವಿ ಹೇಳಿತ್ತು. ಯಾವುದು ಅದು? ಇಲ್ಲಿ ಅವರು ತೋರಿಸಿದ ಉಪಾಯಕ್ಕೆ ಯಾವ ಪ್ರಯೋಗಶಾಲೆಯಲ್ಲಿಯೂ ಗೌರವ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಇಂಜಿನು ಓಡುತ್ತಿರುವಂತೆಯೇ ನೋಜಲಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದರು. ಮೊದಲನೆಯದನ್ನು ಸಡಿಲಿಸಿದೊಡನೆ ಸದ್ದು ಕುಗ್ಗಿ ಇಂಜಿನು ತೊದಲಿತು. ಎಂದರೆ ಅದು ದುಡಿಯುತ್ತಿದ್ದ ಸಿಲಿಂಡರು. ಎರಡನೆಯದೂ ಮೂರನೆಯದೂ ಹಾಗೆಯೇ. ನಾಲ್ಕನೆಯದನ್ನು ಸಡಿಲಿಸಿದಾಗ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ದುಡಿಯದವನನ್ನು ತೆಗೆದರೆ ಮನೆಗೆ ನಷ್ಟವಿಲ್ಲವಷ್ಟೆ. ಆ ನೋಜಲನ್ನು ಬಿಚ್ಚಿ, ಒತ್ತಡದ ಗಡಿಯಾರವಿರುವ ಕೈಯಂತ್ರಕ್ಕೆ ಸಿಕ್ಕಿಸಿ, ಹಿಡಿಯನ್ನು ಒತ್ತಿದಾಗ, ಮಂಜಾಗಿ ಸಿಡಿಯಬೇಕಾದ ಎಣ್ಣೆ ತುದಿಯಿಂದ ತೊಟ್ಟಿಕ್ಕಿತು.

"ನೋಡಣ್ಣ, ನಿಮ್ ಟಾಟಾ ಜೊಲ್ಲು ಸುರಿಸ್ತೈತೆ" ಎಂದರು ಕೋಲಾರದವರು.

"ಹಸಿದಿರ್ತೈತೆ ಕಣೋ. ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ನಿಂತೈತಲ್ಲ!"

ದೋಸೆ ತರಿಸಲಾಯಿತು. ನೋಜಲಿನ ತುದಿಯನ್ನು ಶುಚಿಮಾಡಿ, ಸೂಜಿಯನ್ನು ಅದರ ಪೀಠದಲ್ಲಿ ತೇಯ್ದು ಕೂರಿಸಿ, ಮತ್ತೆ ಒತ್ತಿ ನೋಡಿ, ಮಂಜು ಸರಿಯಾಗಿ ಹರಡಿದ ಮೇಲೆಯೇ ಅದನ್ನು ಸಿಲಿಂಡರಿಗೆ ಹಿಂದಿರುಗಿಸಿದರು. ಹೊಗೆಯ ಬಣ್ಣವನ್ನು ಓದುವ ಕ್ರಮವನ್ನೂ ಆ ಬಿಡುವಿನಲ್ಲಿ ಹೇಳಿಕೊಟ್ಟರು: ಕರಿಹೊಗೆಯೆಂದರೆ ಎಣ್ಣೆಗೆ ತಕ್ಕಷ್ಟು ಗಾಳಿಯಿಲ್ಲದೆ ಅರೆಬೆಂದ ದಹನ, ಬಿಳಿಯದೆಂದರೆ ಉರಿಯದೆ ಆವಿಯಾಗಿ ಹೋದ ಎಣ್ಣೆ, ಇಲ್ಲವೆ ಒಳಕ್ಕೆ ಸೇರಿದ ನೀರು, ನೀಲಿಯದೆಂದರೆ ಪಿಸ್ಟನ್ನಿನ ಉಂಗುರಗಳು ಸವೆದು ಇಂಜಿನ್ ಆಯಿಲ್ಲೇ ಸುಡುತ್ತಿದೆ.

ಹಳೆಯ ಲಾರಿಯ ಹೊಗೆಯು ಕೆಟ್ಟದ್ದು. ಅದನ್ನು ನಾನು ಮುಚ್ಚಿಡಲಾರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಹೊಸ ಲಾರಿಗಳು ಉಸಿರಾಡುವ ಜನಕ್ಕೆ ಮಾಡಿರುವ ಉಪಕಾರ ದೊಡ್ಡದು. ದಿನನಿತ್ಯದ ಹೊರೆಯನ್ನು ಅವೇ ಹೊರಲಿ. ಆದರೆ ಅವುಗಳಲ್ಲಿ ಎಣ್ಣೆಯ ಒತ್ತಡ ಹಳೆಯದಕ್ಕಿಂತ ಹಲವು ಪಟ್ಟು ಹೆಚ್ಚು. ಓಡುವ ಇಂಜಿನಿನಲ್ಲಿ ಅಂಥ ಕೊಳವೆಯ ನಟ್ಟನ್ನು ಸಡಿಲಿಸಿದರೆ ಎಣ್ಣೆಯ ಎಳೆಯು ಚರ್ಮವನ್ನು ತೂರಿ ಮಾಂಸಕ್ಕೆ ಹೊಗುತ್ತದೆ. ಯಾರೂ ಅದನ್ನು ಮಾಡಕೂಡದು. ಅಲ್ಲಿ ರೋಗವನ್ನು ಹೇಳುವುದು ಗಣಕಯಂತ್ರ. ಕಿವಿಯಿಂದ, ಹೆಬ್ಬೆರಳಿನಿಂದ, ಒಂದು ಸ್ಪ್ಯಾನರಿನಿಂದ ತನ್ನ ಒಳಗನ್ನೆಲ್ಲ ತೋರಿಸಿಕೊಡುವ ಯಂತ್ರವು ಹಳೆಯ ಲಾರಿಯೇ. ಉಷ್ಣವಿಜ್ಞಾನದ ಪಾಠವನ್ನು ಕಲಿಯಬೇಕಾದ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಗ್ರಂಥವನ್ನು ನಾನು ಕಂಡಿಲ್ಲ.

ಇಂಥ ಗ್ರಂಥಗಳನ್ನು ಕಾಪಾಡುವ ಏರ್ಪಾಡು ನಮ್ಮಲ್ಲಿ ಇನ್ನೂ ಆಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗೆಂದು ಮಾಡಿದ ನಿಯಮವು 50 ವರ್ಷ ದಾಟಿದ ದ್ವಿಚಕ್ರವಾಹನಗಳನ್ನೂ ಸ್ವಂತ ಬಳಕೆಯ ನಾಲ್ಕುಚಕ್ರದ ವಾಹನಗಳನ್ನೂ ಗೌರವದಿಂದ ಉಳಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಸರಕು ಹೊತ್ತ ಲಾರಿಗೆ ಅದರಲ್ಲಿ ಸ್ಥಾನವಿಲ್ಲ. ಮಾಲೂರಿನ ಇಟ್ಟಿಗೆ, ಶ್ರೀನಿವಾಸಪುರದ ಮಾವು, ಕೋಲಾರದ ತರಕಾರಿ ಇವೆಲ್ಲವನ್ನೂ ಎರಡು ತಲೆಮಾರು ಹೊತ್ತದ್ದು ಲಾರಿಯೇ ಹೊರತು ಕಾರಲ್ಲ. ಆ ನಿಯಮದೊಳಕ್ಕೆ ಲಾರಿಯನ್ನೂ ಸೇರಿಸಬೇಕು. ಅಲ್ಲಿಯವರೆಗೆ, ನಿಮ್ಮ ತೋಪಿನ ಮೂಲೆಯಲ್ಲಾಗಲಿ ಹಿತ್ತಿಲಿನಲ್ಲಾಗಲಿ ಅಂಥದೊಂದು ನಿಂತಿದ್ದರೆ ಅದನ್ನು ಗುಜರಿಗೆ ತೂಕದ ಮೇಲೆ ಹಾಕಬೇಡಿ. ನಿಮ್ಮ ಊರಿನ ಹಳೆಯ ಮೇಸ್ತ್ರಿಗಳ ಬಳಿ ಒಂದು ಭಾನುವಾರ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿ.