ಕ್ಲೇ ತುಂಡಿನ ಮೇಲೆ ವಾಲ್ವಿನ ಗುರುತು

ಬೆಂಗಳೂರಿನ ಮರ್ಫಿ ಟೌನಿನ ಓಣಿಯೊಂದರಲ್ಲಿ ಒಂದೇ ಕಾರು ಹಿಡಿಸುವ ಗ್ಯಾರೇಜು. ಅದರ ಕಿಟಕಿಕಟ್ಟೆಯ ಮೇಲೆ ಬಣ್ಣಬಣ್ಣದ ಕ್ಲೇ ತುಂಡುಗಳು ಸಾಲಾಗಿ ಕೂತಿವೆ. ಮಕ್ಕಳು ಆನೆ, ಗಣಪತಿ ಮಾಡುವ ಅದೇ ಕ್ಲೇ. ಒಂದೊಂದರಲ್ಲೂ ಉಗುರಿನಿಂದ ಒತ್ತಿದಂತೆ ಎರಡು ಅರ್ಧಚಂದ್ರದ ಗುಳಿ, ಕೆಳಗೆ ಕಾರಿನ ನಂಬರಿನ ಚೀಟಿ. ನಾನು ಹೋಗಿದ್ದೇ ಇವನ್ನು ನೋಡಲು.

ಗ್ಯಾರೇಜಿನ ಯಜಮಾನರನ್ನು ಓಣಿಯವರೆಲ್ಲ ಮೇಸ್ತ್ರಿ ಎನ್ನುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಹೆಚ್ಚು ಪಿಕಪ್ ಬೇಕೆಂದು ಕಂಪನಿಯ ಕ್ಯಾಮ್‌ಶಾಫ್ಟ್ ತೆಗೆಸಿ ರೇಸಿಂಗ್ ಕ್ಯಾಮ್ ಹಾಕಿಸುವವರು ಇವರನ್ನು ಹುಡುಕಿಕೊಂಡು ಬರುತ್ತಾರೆ.

ನಾಕ್ಸ್‌ಪೇಟ್ ಆಗಿದ್ದ ಈ ಬಡಾವಣೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರ್ ಮರ್ಫಿಯ ಹೆಸರು ಬಂದ ಕಥೆಯನ್ನು ಮೇಸ್ತ್ರಿ ಎರಡೇ ಮಾತಿನಲ್ಲಿ ಮುಗಿಸಿದರು. ಅವರ ಪಾಲಿಗೆ ಚರಿತ್ರೆ ಶುರುವಾಗುವುದು ಫಿಯಟ್, ಅಂಬಾಸಿಡರ್‌ಗಳಿಂದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1993ರಲ್ಲಿ ಝೆನ್. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ಹತ್ತಿರ ಬಂತೆಂದರೆ ಆ ಕಾಲದಲ್ಲಿ ರಾತ್ರಿಯೆಲ್ಲ ಕೆಲಸ.

ನಾನು ಹೋದ ದಿನ ಇಂದಿರಾನಗರದ ಹುಡುಗನೊಬ್ಬ ಅಪ್ಪನ ಹಳೇ ಝೆನ್ ತಂದಿದ್ದ. 993 ಸಿಸಿ, ನಾಲ್ಕು ಸಿಲಿಂಡರ್. ಹೊಸ ಕ್ಯಾಮನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಮೇಸ್ತ್ರಿ ಮಜೂರಿ 12,000 ಎಂದಾಗ ಅವನ ಮುಖ ಚಿಕ್ಕದಾಯಿತು.

"ಬೆಲ್ಟ್ ಇಳಿಸಿ ಕ್ಯಾಮ್ ಬದಲಾಯಿಸೋದು ತಾನೆ ಮೇಸ್ತ್ರಿ, ಸ್ವಲ್ಪ ನೋಡಿ ಹೇಳಿ."

"ಹೆಡ್ ಎರಡು ಸಲ ಇಳಿಸ್ಬೇಕಪ್ಪ. ಒಂದ್ಸಲ ನೋಡೋಕೆ, ಒಂದ್ಸಲ ಹಾಕೋಕೆ."

ಆ 'ನೋಡುವುದು' ಏನೆಂದು ತಿಳಿಯದೆ ಈ ಮಜೂರಿ ಅರ್ಥವಾಗದು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು; ಅದರ ಉಬ್ಬುಗಳೇ ವಾಲ್ವುಗಳನ್ನು ತೆರೆಯುವುದು. ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ರೇಸಿಂಗ್ ಕ್ಯಾಮಿನ ಉಬ್ಬು ಎತ್ತರ. ವಾಲ್ವನ್ನು ಇನ್ನಷ್ಟು ಕೆಳಗೆ ತಳ್ಳಿ, ಹೆಚ್ಚು ಹೊತ್ತು ತೆರೆದಿಡುತ್ತದೆ. ಮೇಲೇರಿ ಬರುವ ಪಿಸ್ಟನ್ನಿಗೆ ಅದು ತಾಗಿದರೆ ಎಂಜಿನ್ ಹೋಯಿತು.

ಅದಕ್ಕೇ ಕ್ಲೇ. ಮೇಸ್ತ್ರಿ ಹೆಡ್ ಇಳಿಸಿ, ಒಂದನೇ ಪಿಸ್ಟನ್ನಿನ ತಲೆಯ ಮೇಲೆ ಕ್ಲೇಯನ್ನು ಹೋಳಿಗೆ ಕಣಕದಂತೆ ಹೆಬ್ಬೆರಳಲ್ಲಿ ತಟ್ಟಿದರು. ಅಂಟಿಕೊಳ್ಳದಿರಲೆಂದು ವಾಲ್ವಿನ ಮುಖಕ್ಕೆ ಒಂದು ಹನಿ ಎಣ್ಣೆ. ಹೊಸ ಕ್ಯಾಮ್ ಹಾಕಿದ ಹೆಡ್ಡನ್ನು ಹಳೇ ಗ್ಯಾಸ್ಕೆಟ್ ಮೇಲೆ ಕೂರಿಸಿ, ಟೈಮಿಂಗ್ ಗುರುತು ಹೊಂದಿಸಿ, ಟ್ಯಾಪೆಟ್ ಸೆಟ್ ಮಾಡಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿದರು. ಉಸಿರು ಬಿಗಿಹಿಡಿದು, ಕಿವಿ ಎಂಜಿನ್ನಿನ ಹತ್ತಿರ. ಎಲ್ಲೂ ತಡೆಯಲಿಲ್ಲ. ಮತ್ತೆ ಹೆಡ್ ಇಳಿಸಿ, ಕ್ಲೇಯನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಗುಳಿಯ ತೆಳು ಜಾಗ ಅಳೆದರು. ಇನ್‌ಲೆಟ್ ಕಡೆ 2 ಮಿಲಿಮೀಟರ್, ಎಕ್ಸಾಸ್ಟ್ ಕಡೆ ಎರಡೂವರೆಯಾದರೂ ಉಳಿಯಬೇಕು. ಉಳಿದಿತ್ತು.

ಆಮೇಲೆ ಹೊಸ ಗ್ಯಾಸ್ಕೆಟ್, ಬೋಲ್ಟುಗಳ ಬಿಗಿ, ಫೀಲರ್ ಗೇಜು. ಕೆಲಸ ಮರುದಿನ ಸಂಜೆಗೆ ಮುಗಿಯಿತು. ಝೆನ್ ಐಡ್ಲಿಂಗಿನಲ್ಲಿ ಸ್ವಲ್ಪ ಕುಲುಕುತ್ತಿತ್ತು. ಇಂಥ ಕ್ಯಾಮಿಗೆ ಅದು ಸಹಜ.

ಸಾವಿರಾರು ರೂಪಾಯಿಯ ಬಿಡಿಭಾಗಕ್ಕೆ ಚೌಕಾಸಿ ಮಾಡದೆ ಕೊಡುವ ನಾವು, ಅದನ್ನು ಕೂರಿಸುವ ಕೈಯ ಹತ್ತಿರ ಚೌಕಾಸಿಗೆ ನಿಲ್ಲುತ್ತೇವೆ. ಎರಡು ದಿನ ಆ ಕೈಯನ್ನು ನೋಡಿದ ಮೇಲೆ 12,000 ನನಗೆ ಕಡಿಮೆಯೆಂದೇ ಅನಿಸಿತು. ಹುಡುಗ ಕೊನೆಗೆ ಪೂರ್ತಿ ಹಣ ಎಣಿಸಿಕೊಟ್ಟ.

ಮೇಸ್ತ್ರಿ ಬಳಿ ಈಗ ಕಲಿಯುವ ಹುಡುಗರಿಲ್ಲ. ಮಗನಿಗೆ ಬೇರೆ ಕೆಲಸವಿದೆ. ಕಿಟಕಿಯ ಸಾಲಿನಲ್ಲಿ ಝೆನ್ನಿಗಿಂತ ಹಿಂದಿನ ಚೀಟಿ ಕಳೆದ ವರ್ಷದ್ದು. ಹಸಿರು ಕ್ಲೇಯ ಎರಡು ಹೋಳುಗಳನ್ನು ಅದರ ಪಕ್ಕಕ್ಕೆ ಜೋಡಿಸಿಟ್ಟ ಮೇಸ್ತ್ರಿ, ಬಿಸಿಲಿಗೆ ಗುರುತು ಕರಗದಿರಲೆಂದು ಕಿಟಕಿಯ ಬಾಗಿಲನ್ನು ಅರ್ಧ ಎಳೆದುಕೊಂಡರು.