‘ನಾಳೆ ಬಾ’ ಎಂದು ಬರೆಯದ ಮನೆಗಳು

2018ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸ್ತ್ರೀ’ ದೇಶದ ತುಂಬ ಪ್ರೇಕ್ಷಕರನ್ನು ನಗಿಸಿತು. ಮಧ್ಯಪ್ರದೇಶದ ಚಂದೇರಿ ಎಂಬ ಊರು, ರಾತ್ರಿ ಹೊತ್ತು ಗಂಡಸರನ್ನು ಎತ್ತಿಕೊಂಡು ಹೋಗುವ ಹೆಣ್ಣುದೆವ್ವ, ಅದನ್ನು ತಡೆಯಲು ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಬರಹ. ಕೋಲಾರ, ಮಾಲೂರು ಕಡೆಯ ಪಾಲಕರಿಗೆ ಈ ಕಥೆ ಹೊಸದೇನಲ್ಲ. 1990ರ ದಶಕದಲ್ಲಿ ಬೆಂಗಳೂರು ಹಾಗೂ ಸುತ್ತಲಿನ ಊರುಗಳಲ್ಲಿ ಹಬ್ಬಿದ ವದಂತಿಯೇ ಈ ಚಿತ್ರದ ಮೂಲ. ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬಾಗಿಲ ಮೇಲೆ ಬರೆದರೆ ದೆವ್ವ ಓದಿಕೊಂಡು ಹಿಂದಿರುಗುತ್ತದಂತೆ. ಮರುರಾತ್ರಿ ಬಂದು ಮತ್ತೆ ಓದಿ ಮತ್ತೆ ಹಿಂದಿರುಗುತ್ತದಂತೆ. ಗಡಿಯಾಚೆಯ ಆಂಧ್ರದಲ್ಲಿ ಇದೇ ದೆವ್ವಕ್ಕೆ ‘ಓ ಸ್ತ್ರೀ ರೇಪು ರಾ’ ಎಂದು ತೆಲುಗಿನಲ್ಲಿ ಬರೆದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಶ್ರೀನಿವಾಸಪುರ, ಮುಳಬಾಗಿಲಿನವರು ಯಾವ ಲಿಪಿಯಲ್ಲಿ ಬರೆಯಬೇಕಿತ್ತೋ!

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, “ಸಾರ್, ನಮ್ಮಜ್ಜಿಗೇ ಓದೋಕೆ ಬರಲ್ಲ, ದೆವ್ವಕ್ಕೆ ಹೆಂಗೆ ಬರುತ್ತೆ?” ಎಂದಳು. ಎಲ್ಲರೂ ನಕ್ಕರು. ಆದರೆ ವಿಜ್ಞಾನದ ಪ್ರಶ್ನೆ ಇನ್ನೊಂದಿದೆ. ಬರೆದ ಮನೆಗೆ ದೆವ್ವ ಬರಲಿಲ್ಲ, ಸರಿ. ಬರೆಯದ ಮನೆಗೆ ಬಂದಿತೇ? ಪ್ರಯೋಗಶಾಲೆಯಲ್ಲಿ ಒಂದು ಗಿಡಕ್ಕೆ ಗೊಬ್ಬರ ಹಾಕಿ, ಪಕ್ಕದ ಗಿಡಕ್ಕೆ ಹಾಕದೆ ಹೋಲಿಸುತ್ತೇವಲ್ಲ, ಇದೂ ಹಾಗೆಯೇ. ಬರೆಯದ ಮನೆಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ.

‘ಸ್ತ್ರೀ’ ಚಿತ್ರವೂ ಎಣಿಸುವುದಿಲ್ಲ. ನಗಿಸುತ್ತಲೇ ಅದು ದೆವ್ವವನ್ನು ನಿಜ ಮಾಡಿಬಿಡುತ್ತದೆ. ಈ ದೃಷ್ಟಿಯಿಂದ 2025ರ ಜುಲೈನಲ್ಲಿ ಬಿಡುಗಡೆಯಾದ ಕನ್ನಡದ ‘ಸು ಫ್ರಮ್ ಸೋ’ ಒಂದು ಕೈ ಮೇಲು. ಜೆ.ಪಿ. ತೂಮಿನಾಡು ನಿರ್ದೇಶಿಸಿ ತಾವೇ ನಟಿಸಿರುವ ಈ ಚಿತ್ರದಲ್ಲಿ ಕರಾವಳಿಯ ಹಳ್ಳಿಯ ಯುವಕ ಅಶೋಕ ಮುಜುಗರದ ಪ್ರಸಂಗವೊಂದರಿಂದ ಪಾರಾಗಲು ದೆವ್ವ ಹಿಡಿದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನ ಎಂಬಾಕೆಯೇ ಮೈಮೇಲೆ ಬಂದಿದ್ದಾಳೆಂದು ಊರು ತೀರ್ಮಾನಿಸುತ್ತದೆ. ದೆವ್ವ ಬಿಡಿಸಲು ಗುರೂಜಿ ಬರುತ್ತಾರೆ. ಆ ಪಾತ್ರದಲ್ಲಿ ರಾಜ್ ಬಿ. ಶೆಟ್ಟಿ. ನಟಿಸುತ್ತಿದ್ದೇನೆಂದು ಹುಡುಗನೇ ಹೇಳಿದರೂ ನಂಬುವವರಿಲ್ಲ! ಸತ್ತ ಸುಲೋಚನಳಿಗೆ ಇಷ್ಟು ಹೆದರುವ ಊರಿಗೆ ಬದುಕಿರುವ ಆಕೆಯ ಮಗಳು ಭಾನುವಿನ ಕಷ್ಟ ತಿಳಿಯುವುದು ತಡವಾಗಿ. ನಮ್ಮ ಕಡೆ ‘ಗಾಳಿ ಸೋಕಿದೆ’ ಎಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಮೂರ್ಛೆರೋಗವೋ, ಎಷ್ಟು ಜನರಿಗೆ ಹೇಳಲಾಗದ ಸಂಕಟವೋ.

ಹಾಗೆಂದು ಹಳ್ಳಿಗರನ್ನಷ್ಟೇ ನೋಡಿ ನಗಬೇಕಿಲ್ಲ. ಸತ್ಯಜಿತ್ ರಾಯ್ ಅವರ ‘ಮಹಾಪುರುಷ್’ (1965) ಚಿತ್ರದ ಬಾಬಾ, ಐನ್‌ಸ್ಟೈನ್‌ಗೆ ಸಮೀಕರಣ ಹೇಳಿಕೊಟ್ಟವನು ತಾನೇ ಎನ್ನುತ್ತಾನೆ; ಕೇಳಿ ಕೈಮುಗಿಯುವವರು ನಗರದ ವಿದ್ಯಾವಂತರು. ಆಗ ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ವಿರೋಧಿಸಿದವರಲ್ಲೂ ಓದಿದವರಿಗೆ ಕೊರತೆಯಿರಲಿಲ್ಲ.

ಮರಾಠಿಯ ‘ದೇವೂಳ್’ (2011) ಇನ್ನೂ ಹರಿತ. ದನ ಹುಡುಕುತ್ತ ಹೋದ ಮುಗ್ಧನೊಬ್ಬ ಅತ್ತಿಮರದಡಿ ದತ್ತಾತ್ರೇಯನ ದರ್ಶನವಾಯಿತೆನ್ನುತ್ತಾನೆ. ಊರಿನ ಹಿರಿಯರೊಬ್ಬರು ಆಸ್ಪತ್ರೆಗೆ ಯೋಜನೆ ಹಾಕಿರುತ್ತಾರೆ. ಎದ್ದು ನಿಲ್ಲುವುದು ಗುಡಿ, ಜೊತೆಗೆ ಅಂಗಡಿ ಸಾಲು. ಮುಗ್ಧನ ಭಕ್ತಿಯನ್ನು ಚಿತ್ರ ಎಲ್ಲಿಯೂ ಗೇಲಿ ಮಾಡುವುದಿಲ್ಲ, ವ್ಯಾಪಾರವನ್ನು ಮಾತ್ರ ಬಿಡುವುದಿಲ್ಲ.

ಆಸ್ಪತ್ರೆ ಎಂದಾಗ ನಮ್ಮ ಟೊಮೇಟೊ ತೋಟಗಳು ನೆನಪಾಗುತ್ತವೆ. ರಾತ್ರಿ ನೀರು ಕಟ್ಟಲು ಹೋದವನಿಗೆ ಹಾವು ಕಚ್ಚಿದರೆ ಈಗಲೂ ಕೆಲವರು ಮೊದಲು ಓಡುವುದು ಮಂತ್ರ ಹಾಕುವವನ ಬಳಿಗೆ. ಕಚ್ಚಿದ್ದು ಕೇರೆಯೋ ನೀರುಹಾವೋ ಆಗಿದ್ದರೆ ವಿಷವೇ ಇಲ್ಲ. ನಾಗರಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುವುದುಂಟು. ಬದುಕಿದವನು ಮಂತ್ರದ ಮಹಿಮೆಯನ್ನು ಊರೆಲ್ಲ ಸಾರುತ್ತಾನೆ. ಸತ್ತವನು ಸಾಕ್ಷಿ ಹೇಳಲು ಬರುವಂತಿಲ್ಲ. ಇಲ್ಲಿಯೂ ಎಣಿಸದ ಮನೆಗಳೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಮಂತ್ರವಾದಿಯ ಜಗುಲಿಯಲ್ಲಿ ಮುಗಿದ ಪ್ರಕರಣ ಆ ಲೆಕ್ಕಕ್ಕೂ ಸಿಗದು.

ಕೋಲಾರ ಸೀಮೆಯ ಕನ್ನಡ, ತೆಲುಗು ಬೆರೆತ ಮಾತಿನಲ್ಲಿ ಯಾರಾದರೂ ಈ ಜಗುಲಿಯ ಮೇಲೊಂದು ಹಾಸ್ಯಚಿತ್ರ ಮಾಡಿದರೆ ಟಿಕೆಟ್ ಸಾಲಿನಲ್ಲಿ ನಾನೇ ಮೊದಲಿಗ.