ಯಾವ ಊರಿನ ಚೆನ್ನಮ್ಮ?

ನನ್ನ ತವರು ಬೈಲಹೊಂಗಲ, ಕೊಟ್ಟ ಮನೆ ಸಾಗರ. ಹೀಗಾಗಿ ಕಿತ್ತೂರು, ಕೆಳದಿಯ ಇಬ್ಬರು ಚೆನ್ನಮ್ಮಂದಿರೂ ನನಗೆ ಬೇಕಾದವರೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿ ಪರೀಕ್ಷೆಯಲ್ಲೂ ಯಾರಾದರೊಬ್ಬರ ಉತ್ತರಪತ್ರಿಕೆಯಲ್ಲಿ ಕಿತ್ತೂರಿನ ರಾಣಿ ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟುಬಿಡುತ್ತಿದ್ದಳು. ಹುಡುಗರನ್ನು ಬಿಡಿ, ವೇದಿಕೆ ಮೇಲಿನ ದೊಡ್ಡವರೇ ಔರಂಗಜೇಬನ ದಂಡನ್ನು ಕಿತ್ತೂರಿಗೆ ಕರೆತಂದದ್ದನ್ನು ಕೇಳಿದ್ದೇನೆ. "ಮೇಡಂ, ಅವರಿಬ್ಬರೂ ಅಕ್ಕತಂಗೀರಾ?" ಎಂದು ಕೇಳಿದ ಹುಡುಗಿಯೇ ವಾಸಿ, ಇಬ್ಬರಿದ್ದಾರೆ ಅನ್ನುವುದಾದರೂ ಅವಳಿಗೆ ಗೊತ್ತಿತ್ತು. ಇಬ್ಬರ ನಡುವೆ ನೂರೈವತ್ತು ವರ್ಷಗಳ ಅಂತರ.

ಕೆಳದಿಯವಳು ಅರಸು ಮನೆತನದಲ್ಲಿ ಹುಟ್ಟಿದವಳಲ್ಲ, ಸಿದ್ಧಪ್ಪ ಶೆಟ್ಟಿ ಎಂಬುವರ ಮಗಳು. ಕೈಹಿಡಿದ ಸೋಮಶೇಖರ ನಾಯಕ ಬುದ್ಧಿಭ್ರಮಣೆಯಾಗಿ, ಕೊನೆಗೆ ಕೊಲೆಯಾದ. ಮಕ್ಕಳಿರಲಿಲ್ಲ. 1671ರ ಸುಮಾರಿಗೆ ಆಡಳಿತ ಕೈಗೆತ್ತಿಕೊಂಡವಳು ಕಾಲು ಶತಮಾನ ರಾಜ್ಯವಾಳಿದಳು. ಕೆಳದಿ ಚೆನ್ನಮ್ಮ ಅನ್ನುತ್ತೇವಾದರೂ ಆಗ ರಾಜಧಾನಿ ಇದ್ದದ್ದು ಬಿದನೂರಿನಲ್ಲಿ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಲ್ಲಿ. 1689ರಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಮೊಗಲರು ಕೊಂದ ಮೇಲೆ ಅವನ ತಮ್ಮ ರಾಜಾರಾಮ ಜಿಂಜಿಗೆ ಓಡುತ್ತಿದ್ದ. ಅವನಿಗೆ ನೆರಳು ಕೊಟ್ಟರೆ ಔರಂಗಜೇಬ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕೊಟ್ಟಳು. ಮೊಗಲ ಸೈನ್ಯ ಬಂತು, ಕಾದಾಟವಾಯಿತು, ಕಡೆಗೆ ಒಪ್ಪಂದವೂ ಆಯಿತು. ರಾಜ್ಯ ಉಳಿಯಿತು. ಅವಳು ದತ್ತು ತೆಗೆದುಕೊಂಡ ಬಸಪ್ಪ ನಾಯಕ ಮುಂದೆ ಪಟ್ಟವೇರಿದ. ಸಂಸ್ಕೃತದ ದೊಡ್ಡ ವಿಶ್ವಕೋಶ 'ಶಿವತತ್ತ್ವರತ್ನಾಕರ' ಅವನದೇ.

ಕಿತ್ತೂರಿನಲ್ಲಿ ತೊಡಕಾದದ್ದೂ ದತ್ತಿನಿಂದಲೇ. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ ಮಲ್ಲಸರ್ಜ ದೇಸಾಯಿಯ ಕಿರಿಯ ಹೆಂಡತಿ. ಹಿರಿಯವಳು ರುದ್ರಮ್ಮ. ಆಕೆಯ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಆಗಿದ್ದ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ದತ್ತುಮಕ್ಕಳ ಹಕ್ಕು ತಳ್ಳಿಹಾಕಿ ರಾಜ್ಯಗಳನ್ನು ನುಂಗುವ ನೀತಿಗೆ ಹೆಸರಾದ ಗವರ್ನರ್ ಜನರಲ್ ಡಾಲ್‌ಹೌಸಿ ಇಂಡಿಯಾಕ್ಕೆ ಬಂದದ್ದು 1848ರಲ್ಲಿ. ದತ್ತುಮಗನಿಗೆ ಹಕ್ಕಿಲ್ಲ ಎನ್ನುವ ಆಟ ಅದಕ್ಕೂ ಮುಂಚೆಯೇ ನಮ್ಮ ಕಡೆ ನಡೆದಿತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಗುಂಡಿಗೆ ಬಿದ್ದ. ಹೊಡೆದವನು ಅಮಟೂರು ಬಾಳಪ್ಪ. ಸೆರೆ ಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ಎಳೆಯ ಅಧಿಕಾರಿಯೂ ಇದ್ದ. ಮುಂದೆ ಈ ನಾಡಿನ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ ಎಲಿಯಟ್ ಇವನೇ. ಕಿತ್ತೂರಿನವರು ಅವನ ಜೀವ ಉಳಿಸಿದ್ದು ನಮ್ಮ ಇತಿಹಾಸಕ್ಕೂ ಒಳ್ಳೆಯದೇ ಆಯಿತು ಅಂತ ನನ್ನ ಎಣಿಕೆ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಬೈಲಹೊಂಗಲದ ಸೆರೆಯಲ್ಲೇ ಚೆನ್ನಮ್ಮ 1829ರ ಫೆಬ್ರುವರಿ 2ರಂದು ಕಣ್ಣುಮುಚ್ಚಿದಳು. ಸಂತೆಗೆ ಹೋಗುವಾಗ ನಮ್ಮವ್ವ ಸಮಾಧಿಯ ಎದುರು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದಳು.

ಕಿತ್ತೂರಿನವಳಿಗೆ 1961ರಲ್ಲಿ ಬಿ. ಸರೋಜಾದೇವಿಯ ಸಿನಿಮಾ ಬಂತು, ರೈಲು ಬಂತು, ಬೆಳಗಾವಿಯಲ್ಲಿ ವಿಶ್ವವಿದ್ಯಾಲಯ ಬಂತು, ಸಂಸತ್ ಭವನದ ಆವರಣದಲ್ಲಿ ಪ್ರತಿಮೆಯೂ ಬಂತು. ಬರಬೇಕಾದದ್ದೇ. ಎದುರಿಗೆ ನಿಂತವರು ಬ್ರಿಟಿಷರಾದ್ದರಿಂದ ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಅವಳ ಕಥೆ ಬೇಕಾಗಿತ್ತು. ಆದರೆ ಆ ಹೆಸರಿನ ಗದ್ದಲದಲ್ಲಿ ಇಪ್ಪತ್ತೈದು ವರ್ಷ ರಾಜ್ಯ ನಡೆಸಿದವಳ ಪಾಲನ್ನೂ ಇವಳ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ತವರಿನವರು ಬೈದರೂ ಈ ಮಾತು ಹೇಳಿಯೇ ಹೇಳುತ್ತೇನೆ.

ರಾಜ್ಯೋತ್ಸವಕ್ಕೆ ಮಗಳಿಗೆ ಕಚ್ಚೆ ಸೀರೆ ಉಡಿಸಿ, ರಟ್ಟಿನ ಕತ್ತಿ ಕೊಟ್ಟು ಕಳಿಸುವ ತಾಯಂದಿರಲ್ಲಿ ಒಂದು ಕೋರಿಕೆ: ಯಾವ ಊರಿನ ಚೆನ್ನಮ್ಮ ಎಂಬುದನ್ನೂ ಹೇಳಿಕೊಟ್ಟು ಕಳಿಸಿ. ಬ್ರಿಟಿಷರಿಗೆ ಸವಾಲು ಹಾಕುವುದಾದರೆ ಕಿತ್ತೂರು, ಮೊಗಲರಿಗಾದರೆ ಕೆಳದಿ.